ಪದ್ಮಿನಿ ಕಾರು: ಉಳಿವು ಮತ್ತು ವಿರಳತೆ

ಅಪರೂಪದ ವಸ್ತುವನ್ನು ಜನರು ಜೋಪಾನ ಮಾಡುತ್ತಾರೆ. ಎಲ್ಲೆಡೆಯೂ ಕಾಣುವ ವಸ್ತುವನ್ನು ಯಾರೂ ಲಕ್ಷಿಸುವುದಿಲ್ಲ. ಹೀಗಾಗಿ ಸರ್ವಸಾಮಾನ್ಯವಾದುದೇ ನೋಡನೋಡುತ್ತಿದ್ದಂತೆ ವಿರಳವಾಗುವುದುಂಟು. ಪ್ರೀಮಿಯರ್ ಪದ್ಮಿನಿ ಎಂಬ ಕಾರಿನ ಇತಿಹಾಸವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ಇತಿಹಾಸದ ಮೊದಲ ಎಳೆ ನಮ್ಮ ಗಡಿನಾಡಿನ ಸೊಲ್ಲಾಪುರದಲ್ಲಿದೆ. 1882ರಲ್ಲಿ ಅಲ್ಲಿ ಜನಿಸಿದ ಉದ್ಯಮಿ ವಾಲಚಂದ ಹಿರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. 1953ರಲ್ಲಿ ಅವರು ನಿಧನರಾದ ಮೇಲೆಯೂ ಸಂಸ್ಥೆ ಬೆಳೆಯಿತು. ಇಟಲಿಯ ಫಿಯಟ್ ಕಂಪನಿಯ 1100-ಡಿ ಮಾದರಿಯನ್ನು ಅದು 1964ರಿಂದ ಕುರ್ಲಾದಲ್ಲಿ ತಯಾರಿಸತೊಡಗಿತು. ಈ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂದಿತು.

ಇಟಲಿಯಲ್ಲಿ ಈ ಮಾದರಿಯ ತಯಾರಿಕೆ 1966ರಲ್ಲೇ ನಿಂತಿತು. ನಮ್ಮ ದೇಶದಲ್ಲಿ ಮುಂದೆ ಮೂರು ದಶಕಗಳಿಗೂ ಮಿಕ್ಕಿ ಸಾಗಿತು. ಲೈಸೆನ್ಸಿನ ಕಟ್ಟುಪಾಡಿದ್ದ ಆ ಕಾಲದಲ್ಲಿ ಕೊಳ್ಳುವವರಿಗೆ ಎರಡು ಮೂರು ಮಾದರಿಗಳ ಹೊರತು ಬೇರೆ ಆಯ್ಕೆ ಇರಲಿಲ್ಲವೆಂಬುದು ಒಂದು ಕಾರಣ. ಗಾಡಿಯ ಸರಳ ರಚನೆ ಇನ್ನೊಂದು ಕಾರಣ. 1,089 ಘನ ಸೆಂಟಿಮೀಟರಿನ ಅದರ ಎಂಜಿನ್ನನ್ನು ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲವನಾಗಿದ್ದನು. ಗೇರಿನ ಹಿಡಿಯು ಸ್ಟಿಯರಿಂಗಿನ ಬಳಿಯೇ ಇದ್ದುದರಿಂದ ಮುಂದಿನ ಸಾಲಿನಲ್ಲಿಯೂ ಮೂವರು ಒತ್ತಿ ಕೂರಬಹುದಾಗಿತ್ತು. ದೊಡ್ಡ ಕುಟುಂಬಗಳಿಗೆ ಇದಕ್ಕಿಂತ ಬೇರೆ ಶಿಫಾರಸು ಬೇಕಿರಲಿಲ್ಲ.

1983ರಲ್ಲಿ ಮಾರುತಿ ಕಾರು ಬಂದಮೇಲೆ ಮನೆಗಳಲ್ಲಿ ಪದ್ಮಿನಿಯ ಸ್ಥಾನ ಕುಗ್ಗತೊಡಗಿತು. ಹೊಸ ಶತಮಾನದ ಹೊಸ್ತಿಲಲ್ಲಿ ತಯಾರಿಕೆಯೂ ನಿಂತಿತು. ಆದರೂ ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಅದು ಬಹುಕಾಲ ಬಾಳಿತು. ಅಲ್ಲಿ ಟ್ಯಾಕ್ಸಿಗಳಿಗೆ 20 ವರ್ಷಗಳ ಮಿತಿಯಿದ್ದ ಕಾರಣ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕಡೆಯ ಪದ್ಮಿನಿಯು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು. ಈಗ ಉಳಿದಿರುವುದು ಖಾಸಗಿ ಅಭಿಮಾನಿಗಳ ಆರೈಕೆಯಲ್ಲಿರುವ ಗಾಡಿಗಳು ಮಾತ್ರ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳಾದ ಮೇಲೆ ನವೀಕರಿಸಬೇಕು. 2021ರ ಕೇಂದ್ರ ನಿಯಮದಂತೆ, ಗಾಡಿಗೆ ಪಾರಂಪರಿಕ ವಾಹನವೆಂಬ ಮನ್ನಣೆ ದೊರೆಯಲು 50 ವರ್ಷಗಳು ದಾಟಿರಬೇಕು. ನಡುವಣ 35 ವರ್ಷಗಳೇ ಗಂಡಾಂತರದ ಕಾಲ. ಆಗ ಗಾಡಿಯು ಬಳಕೆಗೆ ಹಳತು, ಗೌರವಕ್ಕೆ ಎಳೆಯದು. ಗುಜರಿಗೆ ಹೋಗುವುದು ಹೆಚ್ಚಾಗಿ ಈ ಅವಧಿಯಲ್ಲಿಯೇ.

ನಮ್ಮ ಶಾಲೆಗಳ ಹಳೆಯ ಹಾಜರಿ ಪುಸ್ತಕ, ಕನ್ನಡ ಪಠ್ಯಪುಸ್ತಕ, ವಾರ್ಷಿಕೋತ್ಸವದ ಕರಪತ್ರಗಳ ಸ್ಥಿತಿಯೂ ಇದೇ ಅಲ್ಲವೇ? ಗಡಿನಾಡಿನಲ್ಲಿ ಕನ್ನಡ ಬಾಳಿದುದಕ್ಕೆ ಅವೇ ಸಾಕ್ಷಿ. ಅವು ಇಂದು ರದ್ದಿಯಂತೆ ಕಾಣುತ್ತವೆ; ಐವತ್ತು ವರ್ಷಗಳ ಬಳಿಕ ಸಂಶೋಧಕರು ಹುಡುಕಿ ಬಂದಾಗ ಅವು ಇರಲಾರವು. ಆದುದರಿಂದ ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಶಾಲೆಯ ಕಪಾಟನ್ನು ಈ ವರ್ಷವೇ ಒಮ್ಮೆ ತೆರೆದು, ಇರುವುದರ ಪಟ್ಟಿ ಮಾಡಬೇಕೆಂದು ನಮ್ಮ ವಿನಂತಿ.