ಆಟಕ್ಕೊಂದು ಬಾಗಿಲು, ಯಂತ್ರಕ್ಕೊಂದು ಬಾಗಿಲು

ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರಿಗಿಂತ ಮೊದಲು ಆಟ ಬಂತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಮೇಷ್ಟ್ರುಗಳ ಬಾಯಲ್ಲಿ ಡಿಪಿಇಪಿ, 1994-95ರಲ್ಲಿ ಶುರುವಾದಾಗ ಕರ್ನಾಟಕದಿಂದ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು; ಉಳಿದವು ಬೆಳಗಾವಿ, ಕೋಲಾರ ಮತ್ತು ರಾಯಚೂರು. ಕಲಿಕೋಪಕರಣ ಮಾಡಿಕೊಳ್ಳಲೆಂದು ಶಿಕ್ಷಕರೊಬ್ಬರಿಗೆ ವರ್ಷಕ್ಕೆ 500 ರೂಪಾಯಿ, ಶಾಲೆಗೆ 2,000 ರೂಪಾಯಿ ಸಿಗುತ್ತಿತ್ತು. ಮೊತ್ತ ಚಿಕ್ಕದಾದರೂ ಅದು ಹೇಳಿದ ಮಾತು ದೊಡ್ಡದು: ಹುಣಸೆ ಬೀಜ, ರಟ್ಟಿನ ಚೂರು, ಬಣ್ಣದ ಕಾಗದಕ್ಕೂ ಸರ್ಕಾರ ದುಡ್ಡು ಕೊಡುತ್ತದೆ, ಆಡಿಸುತ್ತಾ ಕಲಿಸುವುದೂ ಪಾಠವೇ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಕಂಪ್ಯೂಟರು ಬಂದದ್ದು ಬೇರೆ ಬಾಗಿಲಿಂದ, ಬೇರೆ ವಯಸ್ಸಿನ ಮಕ್ಕಳಿಗೆ, ಬೇರೆ ಕಡತದ ಹಣದಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತರಗತಿಗಳಲ್ಲಿ ಕಂಪ್ಯೂಟರ್ ಆಟ ಇಷ್ಟು ವರ್ಷವಾದರೂ ಬೇರೂರಿಲ್ಲ. ಅದಕ್ಕೆ ಆಟದ ದೋಷವನ್ನಾಗಲಿ ಯಂತ್ರದ ದೋಷವನ್ನಾಗಲಿ ಹುಡುಕುವ ಮುನ್ನ ಈ ಎರಡು ಬಾಗಿಲುಗಳನ್ನು ನೋಡಬೇಕು ಎಂಬುದು ನನ್ನ ವಾದ.

ಆಟದ ಮೂಲಕ ಲೆಕ್ಕ ಕಲಿಯುವುದು ಈ ಸೀಮೆಗೆ ಹೊರಗಿನಿಂದ ಬಂದ ವಿಚಾರವಲ್ಲ. ಮಂಡ್ಯ 1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೈಸೂರು ಜಿಲ್ಲೆಯೊಳಗೇ ಇತ್ತು. ಆ ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಎಷ್ಟು ಮುಳುಗಿದ್ದರೆಂದರೆ, ಅವರ ಶ್ರೀತತ್ತ್ವನಿಧಿಯ ಒಂದು ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಅರಮನೆಯನ್ನು ಬಿಟ್ಟು ಹಳ್ಳಿಯ ಜಗಲಿಗೆ ಬಂದರೆ ಅಲ್ಲಿ ಚೌಕಾಬಾರ. ಐದು ಸಾಲು, ಐದು ಕಂಬ, ಇಪ್ಪತ್ತೈದು ಮನೆ; ನಾಲ್ಕು ಕವಡೆ. ಎರಡು ಕವಡೆ ಅಂಗಾತ ಬಿದ್ದರೆ ಎರಡು, ನಾಲ್ಕೂ ಅಂಗಾತವಾದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರಾ. ಮೂರು ಬಿದ್ದಾಗ ಯಾವ ಕಾಯಿ ನಡೆಸಿದರೆ ಎದುರಾಳಿಯನ್ನು ಹೊಡೆಯಬಹುದು, ಯಾವುದನ್ನು ನಡೆಸಿದರೆ ತನ್ನದೇ ಕಾಯಿ ಸಿಕ್ಕಿಬೀಳುತ್ತದೆ ಎಂದು ಮಗು ಲೆಕ್ಕ ಹಾಕುತ್ತದೆ. ಕೂಡುವುದು, ಮುಂದಿನ ನಡೆ ಊಹಿಸುವುದು, ಸಾಧ್ಯತೆ ತೂಗುವುದು ಎಲ್ಲವೂ ಒಂದೇ ಎಸೆತದಲ್ಲಿ ಆಗುತ್ತದೆ. ಗಮನಿಸಬೇಕಾದದ್ದು ಇನ್ನೊಂದಿದೆ. ಮನೆ ತಪ್ಪಾಗಿ ಎಣಿಸಿದರೆ ತಿದ್ದುವವರು ಪಕ್ಕದಲ್ಲೇ ಕೂತಿರುತ್ತಾರೆ, ಜಗಳವಾಡಿಯಾದರೂ ತಿದ್ದುತ್ತಾರೆ. ಕಲಿಸುವ ಕೆಲಸದಲ್ಲಿ ಅರ್ಧ ಮಣೆಯದು, ಇನ್ನರ್ಧ ಸುತ್ತ ಕೂತವರದು. ಮುಂದೆ ಪರದೆಯ ಮೇಲಿನ ಆಟದ ವಿಷಯದಲ್ಲೂ ಸಂಶೋಧಕರು ಕಂಡುಕೊಂಡದ್ದು ಇದಕ್ಕೆ ಹತ್ತಿರದ ಸಂಗತಿಯೇ.

ಈಗ ಯಂತ್ರದ ಬಾಗಿಲು. ಭಾರತದ ಶಾಲೆಗಳಿಗೆ ಕಂಪ್ಯೂಟರ್ ತಂದ ಮೊದಲ ದೊಡ್ಡ ಯೋಜನೆ 1984-85ರ ಕ್ಲಾಸ್. ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳು, ಅವೂ ಆಯ್ದ ಪ್ರೌಢಶಾಲೆಗಳಿಗೆ ಮಾತ್ರ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಹಳ್ಳಿ ಮಗು ಕೀಲಿಮಣೆ ಮುಟ್ಟುವಂತಾದದ್ದು ಬಹುಮಟ್ಟಿಗೆ 2001ರ ಮಾಹಿತಿ ಸಿಂಧು ಯೋಜನೆಯಿಂದ: ಸಾವಿರ ಸರ್ಕಾರಿ ಪ್ರೌಢಶಾಲೆ, ಪ್ರತಿ ಶಾಲೆಗೂ ಒಂದು ಲ್ಯಾಬ್, ಯಂತ್ರ ಮತ್ತು ಬೋಧಕರ ಹೊಣೆ ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಗಳದು. ಇಲ್ಲಿ ಕಂಪ್ಯೂಟರ್ ಕಲಿಯಬೇಕಾದ ವಸ್ತುವಾಯಿತೇ ಹೊರತು ಕಲಿಸುವ ಸಾಧನವಾಗಲಿಲ್ಲ. ಬೋಧಕ ಹೊರಗಿನವನು, ಅವನಿಗೆ ಗಣಿತದ ಪಾಠ ಎಲ್ಲಿಗೆ ಬಂದಿದೆ ಎಂಬುದು ಬೇಕಿಲ್ಲ. ಗಣಿತದ ಮೇಷ್ಟ್ರಿಗೆ ಲ್ಯಾಬಿನ ಬೀಗದ ಕೈ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಕಂಪ್ಯೂಟರಿಗೆ ಬೇರೆ ಪೀರಿಯಡ್ ಸಿಕ್ಕಿತು, ಗಣಿತದ ಪೀರಿಯಡ್ ಇದ್ದಂತೆಯೇ ಉಳಿಯಿತು. ಇಂಥ ಏರ್ಪಾಟಿನಲ್ಲಿ ಆಟವೇನಾದರೂ ನುಸುಳಿದರೆ ಅದು ಕೊನೆಯ ಹತ್ತು ನಿಮಿಷದ ಬಹುಮಾನವಾಗಿ ನುಸುಳಬೇಕು, ಇಲ್ಲವೇ ಕದ್ದು ಆಡುವ ತಪ್ಪಾಗಿ. ಎರಡೂ ರೀತಿಯಲ್ಲಿ ಅದು ಪಾಠದ ಹೊರಗೇ ನಿಲ್ಲುತ್ತದೆ.

ಇದರ ಜೊತೆಗೆ ಕರೆಂಟಿನ ಮಾತನ್ನೂ ಹೇಳಲೇಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಶುರುವಾಯಿತು. ಅಲ್ಲಿಂದ ತಂತಿ ಹೋದದ್ದು ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಅದೇ ತಾಲ್ಲೂಕಿನ ಶಿಂಷಾದಲ್ಲಿ 1940ರಲ್ಲಿ ಇನ್ನೊಂದು ವಿದ್ಯುದಾಗಾರ ಬಂತು. ಆದರೆ ಹಳ್ಳಿಗೆ ಕರೆಂಟ್ ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂಬುದು ಬಹುಕಾಲ ಪಂಪ್‌ಸೆಟ್ಟಿನ ಪಾಳಿಗೆ ತಕ್ಕಂತೆ ನಡೆಯಿತು. ಶಾಲೆಯ ಗಂಟೆಯನ್ನು ಕೇಳಿದವರಿಲ್ಲ. ಲ್ಯಾಬ್ ಪೀರಿಯಡ್ಡಿಗೂ ಕರೆಂಟಿಗೂ ಹೊಂದಾಣಿಕೆಯಾಗದ ದಿನ ರಟ್ಟಿನ ಕಾರ್ಡು ಕೆಲಸ ಮಾಡುತ್ತದೆ, ಕಂಪ್ಯೂಟರ್ ಮಾಡುವುದಿಲ್ಲ. ಮೇಷ್ಟ್ರುಗಳು ಯಂತ್ರವನ್ನು ನೆಚ್ಚಿ ಪಾಠ ಹೆಣೆಯಲಿಲ್ಲ ಎಂದು ದೂರುವವರು ಇದನ್ನು ನೆನಪಿಡಬೇಕು. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಸಾಧನದ ಮೇಲೆ ಯಾವ ಶಿಕ್ಷಕರೂ ಪಾಠ ಯೋಜಿಸುವುದಿಲ್ಲ. ಅದು ಸೋಮಾರಿತನವಲ್ಲ, ವಿವೇಕ.

ಎರಡು ಬಾಗಿಲುಗಳು ಒಂದೇ ಕೋಣೆಗೆ ತೆರೆದ ಸಂದರ್ಭವೂ ಒಂದಿತ್ತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2001ರಿಂದಾಚೆಗೆ ಕರ್ನಾಟಕ ಸರ್ಕಾರದ ಜೊತೆ ಸೇರಿ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕಾ ಕೇಂದ್ರಗಳನ್ನು ನಡೆಸಿತು. ಕೋಣೆ, ಯಂತ್ರ ಸರ್ಕಾರದ ಕಡೆಯಿಂದ. ತರಗತಿಯ ಪಠ್ಯಕ್ಕೆ ಹೊಂದಿದ ಸಿ.ಡಿ.ಗಳು ಪ್ರತಿಷ್ಠಾನದಿಂದ. ಆ ಸಿ.ಡಿ.ಗಳಲ್ಲಿ ಕಥೆ, ಒಗಟು, ಆಟ ಇದ್ದವು, ಮಾತು ಕನ್ನಡದ್ದು. ಮುಂದೆ ಅವು ಹಲವು ಭಾರತೀಯ ಭಾಷೆಗಳಿಗೆ, ಹಲವು ರಾಜ್ಯಗಳಿಗೆ ಹೋದವು. ಪ್ರೌಢಶಾಲೆಯ ಲ್ಯಾಬಿಗೂ ಇದಕ್ಕೂ ಮೂರು ವ್ಯತ್ಯಾಸವಿತ್ತು: ಮಗು ಚಿಕ್ಕದು, ಭಾಷೆ ತನ್ನದು, ಕಲಿಯಬೇಕಾದದ್ದು ಕಂಪ್ಯೂಟರ್ ಅಲ್ಲ, ಭಿನ್ನರಾಶಿ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಬೇಕಿಲ್ಲ. ಆದರೆ ಯಂತ್ರ ಕೆಲವೇ, ಮಕ್ಕಳು ಹಲವರು. ಹಾಗಾಗಿ ಒಂದು ಪರದೆಯ ಸುತ್ತ ಒಂದು ಗುಂಪೇ ಕೂರಬೇಕಾಯಿತು.

ಆ ಗುಂಪನ್ನು ಹತ್ತಿರದಿಂದ ನೋಡಿದವರು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಬೆಂಗಳೂರು ಪ್ರಯೋಗಾಲಯದ ಜೊತೆ ಕೆಲಸ ಮಾಡಿದ ಸಂಶೋಧಕರು: ಜೋಯೋಜೀತ್ ಪಾಲ್, ಉದಯ್ ಪವಾರ್, ಕೆಂಟಾರೊ ಟೊಯಾಮಾ ಮೊದಲಾದವರು. 2006, 2007ರಲ್ಲಿ ಅವರು ಪ್ರಕಟಿಸಿದ ಬರಹಗಳ ಸಾರ ಸರಳ. ಒಂದು ಯಂತ್ರದ ಸುತ್ತ ಹಲವು ಮಕ್ಕಳಿದ್ದಾಗ ಮೌಸ್ ಒಬ್ಬರ ಕೈಯಲ್ಲೇ ಉಳಿಯುತ್ತದೆ. ಆ ಕೈ ಸಾಮಾನ್ಯವಾಗಿ ದೊಡ್ಡ ಹುಡುಗನದು, ಇಲ್ಲವೇ ಜೋರು ಮಾಡುವವನದು. ಉಳಿದವರು ನೋಡುತ್ತಾರೆ, ಸ್ವಲ್ಪ ಹೊತ್ತಿಗೆ ನೋಡುವುದನ್ನೂ ಬಿಡುತ್ತಾರೆ. ಅವರು ಕಂಡುಕೊಂಡ ಪರಿಹಾರ ಅಗ್ಗದ್ದು: ಒಂದೇ ಯಂತ್ರಕ್ಕೆ ಹಲವು ಮೌಸ್, ಪರದೆಯ ಮೇಲೆ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ. ಆಟವನ್ನು ಓಟದ ಪಂದ್ಯದಂತೆ ಕಟ್ಟಿದಾಗ ಮಕ್ಕಳು, ಮುಖ್ಯವಾಗಿ ಹುಡುಗರು, ಯೋಚಿಸದೆ ಒತ್ತತೊಡಗಿದರು. ಎಲ್ಲರೂ ಒಂದೇ ಉತ್ತರಕ್ಕೆ ಒಪ್ಪಿದರೆ ಮಾತ್ರ ಮುಂದೆ ಹೋಗುವಂತೆ ಕಟ್ಟಿದಾಗ ಚರ್ಚೆ ಹುಟ್ಟಿತು, ಹೊಸ ಪದಗಳ ಕಲಿಕೆ ಒಬ್ಬರಿಗೊಂದು ಯಂತ್ರ ಕೊಟ್ಟಾಗಿನ ಮಟ್ಟಕ್ಕೆ ಬಂತು. ಚೌಕಾಬಾರದ ಮಣೆಯ ಸುತ್ತ ಕೂತವರು ಮಾಡುವ ಕೆಲಸ ಇದೇ. ಆಟದ ನಿಯಮ ಯಾರು ಮಾತಾಡಬೇಕು, ಯಾರು ಕಾಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಕಲಿಕೆ ಆ ನಿಯಮದ ಬೆನ್ನಿಗೆ ಬರುತ್ತದೆ.

ಇಷ್ಟಾದರೂ ಆಟ ನಿಜವಾಗಿ ಕಲಿಸುತ್ತದೆಯೇ, ಅಥವಾ ಬರೀ ರಂಜನೆಯೇ ಎಂಬ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಭಾರತದ ಶಾಲೆಗಳಿಂದಲೇ ಎರಡು ಗಟ್ಟಿ ಪುರಾವೆಗಳಿವೆ, ಎರಡೂ ಗುಜರಾತಿನವು. ವಡೋದರದ ಮಹಾನಗರ ಪಾಲಿಕೆ ಶಾಲೆಗಳಲ್ಲಿ 4ನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಯಂತ್ರಕ್ಕಿಬ್ಬರಂತೆ, ಗಣಿತದ ಆಟ ಆಡಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಎರಡನೆಯ ವರ್ಷದಲ್ಲಿ ಗಣಿತದ ಅಂಕ 0.47 ಮಾನಕ ವಿಚಲನೆಯಷ್ಟು ಏರಿತು. ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡ ಏರಿಕೆ. ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಅದರಲ್ಲಿ ಹೆಚ್ಚಿನ ಪಾಲು ಕರಗಿ 0.1ರ ಆಸುಪಾಸಿಗೆ ಇಳಿಯಿತು. ಲೀ ಲಿಂಡನ್ ಜ್ಞಾನಶಾಲಾ ಎಂಬ ಸಂಸ್ಥೆಯ ತರಗತಿಗಳಲ್ಲಿ ನಡೆಸಿದ ಇನ್ನೊಂದು ಅಧ್ಯಯನ ಇನ್ನೂ ತೀಕ್ಷ್ಣವಾದದ್ದು. ಮೇಷ್ಟ್ರ ಪಾಠದ ಸಮಯವನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳ ಅಂಕ ಇಳಿಯಿತು. ಪಾಠದ ಸಮಯದ ಹೊರಗೆ ಹೆಚ್ಚುವರಿಯಾಗಿ ಅದನ್ನೇ ಕೊಟ್ಟ ಕಡೆ ಏರಿತು. ತಂತ್ರಾಂಶ ಒಂದೇ, ಇಟ್ಟ ಜಾಗ ಮಾತ್ರ ಬೇರೆ. ಆಟ ಕಲಿಸುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಇಲ್ಲದಿರುವುದು ಇದಕ್ಕೇ. ಶಿಕ್ಷಕರ ಬದಲಿಗೆ ಇಟ್ಟರೆ ಕೆಡಿಸುತ್ತದೆ, ಜೊತೆಗೆ ಇಟ್ಟರೆ ಕಲಿಸುತ್ತದೆ, ನಿಲ್ಲಿಸಿದರೆ ಕಲಿತದ್ದು ಮರೆತುಹೋಗುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪ ಒಳಗಿನವರಿಂದಲೇ ಬಂತು. ಕನ್ನಡದಲ್ಲಿ ಇಷ್ಟೆಲ್ಲ ಆಟಗಳನ್ನು ಮಾಡಿಸಿದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೇ ಆ ದಶಕದ ಕೊನೆಯ ಹೊತ್ತಿಗೆ ಕಂಪ್ಯೂಟರ್ ದಾರಿಯಿಂದ ಹಿಂದೆ ಸರಿದು ಶಿಕ್ಷಕರ ತಯಾರಿಯ ಕಡೆ ತಿರುಗಿತು. 2010ರಲ್ಲಿ ಅದರ ವಿಶ್ವವಿದ್ಯಾಲಯ ಶುರುವಾಯಿತು. ಮಂಡ್ಯದಲ್ಲೂ ಪ್ರತಿಷ್ಠಾನದ ಕೆಲಸ ಶಿಕ್ಷಕರ ಜೊತೆಗಿನದು. ತಂತ್ರಜ್ಞಾನದ ಮೇಲಿನ ಮೋಹ ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ಗಮನ ಬೇರೆಡೆ ಸೆಳೆಯುತ್ತದೆ ಎಂದು ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ ಪತ್ರಿಕೆಯಲ್ಲಿ ಬರೆದರು. ದಶಕ ಕಾಲ ಕೈ ಹಾಕಿದವರ ಮಾತು ಇದು, ಹಗುರವಾಗಿ ತಳ್ಳುವಂತಿಲ್ಲ. ಆದರೆ ಆ ಮಾತು ನಿರಾಕರಿಸುವುದು ಯಂತ್ರವೇ ಪರಿಹಾರ ಎಂಬ ನಂಬಿಕೆಯನ್ನು. ಶಿಕ್ಷಕರ ಕೈಯಲ್ಲಿರುವ ಹಲವು ಸಾಧನಗಳಲ್ಲಿ ಆಟವೂ ಒಂದು ಎಂಬುದಕ್ಕೆ ಅದರಿಂದ ಧಕ್ಕೆಯಿಲ್ಲ. ಡಿಪಿಇಪಿಯ 500 ರೂಪಾಯಿ ಹೋದದ್ದು ಶಿಕ್ಷಕರ ಕೈಗೆ. ಏನು ಮಾಡಬೇಕೆಂದು ನಿರ್ಧರಿಸಿದವರೂ ಅವರೇ. ಲ್ಯಾಬಿನ ಹಣ ಗುತ್ತಿಗೆಗೆ ಹೋಯಿತು, ಸಿ.ಡಿ. ಮಾಡಿದ್ದು ಬೆಂಗಳೂರಿನಲ್ಲಿ. ಎರಡನೆಯ ದಾರಿಯಲ್ಲಿ ಶಿಕ್ಷಕರು ಬಾಗಿಲು ತೆರೆಯುವ, ಬೀಗ ಹಾಕುವ ಕೆಲಸಕ್ಕೆ ಇಳಿದರು. ಸೋತದ್ದು ಈ ವ್ಯವಸ್ಥೆ.

ಶಿಕ್ಷಕರ ಕೈಗೇ ಯಂತ್ರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಕರ್ನಾಟಕದಲ್ಲೇ ಉದಾಹರಣೆಯಿದೆ. 2011ರಿಂದ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಹೊರಗಿನ ಬೋಧಕರನ್ನು ಬಿಟ್ಟು ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳನ್ನೇ ಕೂರಿಸಿ ಉಬುಂಟು, ಜಿಯೋಜೀಬ್ರಾದಂಥ ಉಚಿತ ತಂತ್ರಾಂಶಗಳನ್ನು ಕಲಿಸಿತು. ತಂತ್ರಜ್ಞಾನದ ನೆರವಿನಿಂದ ಕಲಿಸಲೆಂದು 2016-17ರಲ್ಲಿ ಬಂದ ಸರ್ಕಾರದ ಟಾಲ್ಪ್ ಕಾರ್ಯಕ್ರಮವೂ ತರಬೇತಿ ಕೊಟ್ಟದ್ದು ವಿಷಯ ಶಿಕ್ಷಕರಿಗೆ. ಉಚಿತ ತಂತ್ರಾಂಶಗಳ ಆ ಲೋಕದಲ್ಲಿ ಟಕ್ಸ್ ಮ್ಯಾಥ್ ಎಂಬ ಆಟವಿದೆ. ಆಕಾಶದಿಂದ ಧೂಮಕೇತುಗಳು ಇಳಿಯುತ್ತವೆ, ಒಂದೊಂದರ ಮೇಲೂ ಒಂದು ಲೆಕ್ಕ, ಏಳೆಂಟ್ಲಿ ಎಷ್ಟು ಎಂಬಂಥದ್ದು. ಕೆಳಗೆ ಹಿಮದ ಗುಡಿಸಲಲ್ಲಿ ಪೆಂಗ್ವಿನ್‌ಗಳು. ಉತ್ತರ ಒತ್ತಿದರೆ ಧೂಮಕೇತು ಸಿಡಿಯುತ್ತದೆ, ತಡವಾದರೆ ಗುಡಿಸಲು ಕರಗುತ್ತದೆ. ಮಗ್ಗಿ ಗೊತ್ತಿರುವ ಮಗುವಿಗೆ ಇದು ವೇಗ ಕೊಡುತ್ತದೆ. ಏಳೆಂಟ್ಲಿ ಐವತ್ತಾರು ಯಾಕಾಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಯಾವ ಆಟ ಅಭ್ಯಾಸಕ್ಕೆ, ಯಾವುದು ಅರ್ಥಕ್ಕೆ ಎಂದು ಬೇರ್ಪಡಿಸಬಲ್ಲವರು ಪಾಠ ಮಾಡುವ ಮೇಷ್ಟ್ರು ಮಾತ್ರ. ತೊಡಕೊಂದೇ: ಈ ತರಬೇತಿಗಳು ನಡೆದದ್ದು ಪ್ರೌಢಶಾಲೆಯಲ್ಲಿ, ಮಗ್ಗಿಯ ವಯಸ್ಸು ದಾಟಿದ ಮೇಲೆ.

ಮಕ್ಕಳ ಕೈಯಲ್ಲಿ ಈಗಾಗಲೇ ಮೊಬೈಲ್ ಇದೆ, ಆಟದ ಗೀಳು ಹಿಡಿದಿದೆ, ಶಾಲೆಯಲ್ಲೂ ಅದೇ ಯಾಕೆ ಎಂಬುದು ಈಗಿನ ತಾಯ್ತಂದೆಯರ ಪ್ರಶ್ನೆ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೊಡಿಸಿದ ಫೋನು ಮನೆಯಲ್ಲೇ ಉಳಿದದ್ದನ್ನು ಕಂಡವರಿಗೆ ಈ ಭಯ ಸಹಜ. ಆದರೆ ಗೀಳು ಹಿಡಿಸುವ ಆಟಕ್ಕೂ ತರಗತಿಯ ಆಟಕ್ಕೂ ಇರುವ ಅಂತರ ಪರದೆಯಲ್ಲಿ ಇಲ್ಲ, ಗಂಟೆಯಲ್ಲಿದೆ, ಗುಂಪಿನಲ್ಲಿದೆ. ನಲವತ್ತು ನಿಮಿಷಕ್ಕೆ ನಿಲ್ಲುವ, ನಾಲ್ವರು ಒಪ್ಪಿದರೆ ಮಾತ್ರ ಮುಂದೆ ಹೋಗುವ, ಮುಗಿದ ಮೇಲೆ ಕಪ್ಪುಹಲಗೆಯ ಮೇಲೆ ವಿವರಿಸಬೇಕಾಗುವ ಆಟಕ್ಕೆ ಗೀಳು ಹತ್ತುವುದು ಕಷ್ಟ. ಅಕ್ಷರ ಪ್ರತಿಷ್ಠಾನದ ಬಿಲ್ಡಿಂಗ್ ಬ್ಲಾಕ್ಸ್ ಎಂಬ ಉಚಿತ ಆ್ಯಪ್‌ನ ಗಣಿತದ ಆಟಗಳು ಕನ್ನಡದಲ್ಲಿವೆ, ಸಾಧಾರಣ ಫೋನಿನಲ್ಲೂ ನಡೆಯುತ್ತವೆ. ಮನೆಯಲ್ಲಿ ಒಂಟಿಯಾಗಿ ಆಡಿದಾಗ ಅವುಗಳ ಫಲ ಒಂದು. ಮೇಷ್ಟ್ರು ಆಯ್ದು, ಗುಂಪು ಮಾಡಿ ಆಡಿಸಿದಾಗ ಇನ್ನೊಂದು. ಇನ್ನು, ಕಂಪ್ಯೂಟರಿಗಿಂತ ಸೂರು, ಶೌಚಾಲಯ, ಶಿಕ್ಷಕರು ಮೊದಲು ಎನ್ನುವವರ ಮಾತು ಪೂರ್ತಿ ಸರಿ, ಆದರೆ ಅದು ಹೊಸ ಲ್ಯಾಬಿಗೆ ಎತ್ತಬೇಕಾದ ಆಕ್ಷೇಪ. ಇರುವ ಯಂತ್ರವನ್ನು, ಇರುವ ಉಚಿತ ಆಟವನ್ನು ಪಾಠಕ್ಕೆ ಸೇರಿಸಲು ಶೌಚಾಲಯದ ಹಣಕ್ಕೆ ಕೈ ಹಾಕಬೇಕಿಲ್ಲ.

ಮೂವತ್ತು ವರ್ಷದ ಈ ಚರಿತ್ರೆಯನ್ನು ತರಗತಿವಾರು ಹರಡಿ ನೋಡಿದರೆ ನಡುವಿನ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. 1ರಿಂದ 3ರವರೆಗೆ ನಲಿ-ಕಲಿ. 4, 5ಕ್ಕೆ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕೋಪಕರಣಗಳ ಪೆಟ್ಟಿಗೆ. ಲ್ಯಾಬ್ ಮತ್ತು ತರಬೇತಿ ಪಡೆದ ಶಿಕ್ಷಕರು 8ರಿಂದ 10ಕ್ಕೆ. ಭಿನ್ನರಾಶಿ, ದಶಮಾಂಶ, ಋಣಸಂಖ್ಯೆ ಕಾಡುವ, ಆಟದ ಮೇಲೆ ಆಸೆ ಇನ್ನೂ ಬತ್ತದ ನಡುವಿನ ತರಗತಿಗಳಿಗೆ ಯಂತ್ರ ತಲುಪಿದ್ದು ಅಲ್ಲೊಂದು ಇಲ್ಲೊಂದು ಯೋಜನೆಯಲ್ಲಿ ಮಾತ್ರ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಗದ್ದೆಗಳಂತೆ, ಕಾಗದದ ಮೇಲೆ ಅಚ್ಚುಕಟ್ಟಿನ ಒಳಗಿದ್ದೂ ನೀರು ಕಾಣದ ತರಗತಿಗಳಿವು. ಮಂಡ್ಯ ಉತ್ತರ, ಮಂಡ್ಯ ದಕ್ಷಿಣ, ಮದ್ದೂರು, ಮಳವಳ್ಳಿ ವಲಯಗಳಲ್ಲಿ ಡಿಪಿಇಪಿ ಕಾಲದಿಂದಲೂ ಸಂಪನ್ಮೂಲ ಕೇಂದ್ರಗಳಿವೆ. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಮಾತಾಡುವ ರೂಢಿಯೂ ಇದೆ. ಆಟವನ್ನು ಆಯ್ದು, ಯಾವ ಪಾಠದ ಬೆನ್ನಿಗೆ ಯಾವುದನ್ನು ಆಡಿಸಬೇಕೆಂದು ಗೊತ್ತುಮಾಡುವ ಕೆಲಸ ಅಲ್ಲಿಂದಲೇ ಆಗಬಹುದು. ಗಣಿತದ ಪೀರಿಯಡ್ಡಿನ ಜೊತೆಗೆ ವಾರಕ್ಕೊಂದು ಗಂಟೆ, ಗಣಿತದ ಮೇಷ್ಟ್ರ ಕೈಯಲ್ಲೇ ಲ್ಯಾಬಿನ ಬೀಗದ ಕೈ, ವರ್ಷಪೂರ್ತಿ ನಿಲ್ಲದಂತೆ ನಡೆಸುವ ಹಟ: ವಡೋದರದ ಅಂಕಿಗಳೂ ಬೆಂಗಳೂರಿನ ಬಣ್ಣದ ಬಾಣಗಳೂ ಕೇಳುವುದು ಇಷ್ಟನ್ನೇ. ಹೊಸ ಯಂತ್ರದ ಟೆಂಡರು ಕರೆಯುವ ಮುನ್ನ ಜಿಲ್ಲೆ ಮಾಡಬೇಕಾದದ್ದು ವೇಳಾಪಟ್ಟಿಯ ತಿದ್ದುಪಡಿ.