ಪರೀಕ್ಷೆಯ ಕಾಲನಿಯಮವೂ ತಪ್ಪಿದ ದಿನವೂ: ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸೀಮೆಯ ಪ್ರೌಢವಿದ್ಯೆಯ ಚರಿತ್ರೆ

ಕಾಲವು ಅರಸನಿಗೂ ಆಳಿಗೂ ಒಂದೇ ಎಂದು ಹಿರಿಯರು ಹೇಳುವುದುಂಟು. ಆದರೆ ಒಂದೇ ಗಂಟೆಯ ನಾದವು ಎಲ್ಲರ ಬಾಳಿನಲ್ಲಿಯೂ ಒಂದೇ ಬಗೆಯಾಗಿ ಕೇಳಿಸದು. ಶಾಲೆಯ ಮಗ್ಗುಲಲ್ಲಿ ಮನೆಯುಳ್ಳ ಬಾಲಕನಿಗೆ ಹತ್ತು ಗಂಟೆಯೆಂದರೆ ಹತ್ತೇ ಗಂಟೆ; ಎರಡು ಹರಿದಾರಿ ನಡೆದು ಬರತಕ್ಕವನಿಗೆ ಅದು ನಸುಕಿನಲ್ಲಿಯೇ ಆರಂಭವಾಗುವ ಪ್ರಯಾಣ. ಪ್ರೌಢಶಾಲೆಯ ಅಂತ್ಯಪರೀಕ್ಷೆಗೆ ದಿನವನ್ನು ಗೊತ್ತುಮಾಡುವ ಪದ್ಧತಿಯು ಹೇಗೆ ಬೆಳೆದು ಬಂದಿತು, ಆ ದಿನ ತಪ್ಪಿದವನ ಗತಿಯು ಹಿಂದೆ ಏನಾಗುತ್ತಿದ್ದಿತು, ಈಗ ಏನಾಗಿರುವುದು ಎಂಬುದನ್ನು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆಯನ್ನು ಮುಂದಿಟ್ಟುಕೊಂಡು ಸದ್ಭಕ್ತರಾದ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ನಾಡಿನಲ್ಲಿ ಗಡಿಯಾರಕ್ಕೆ ಮೊದಲು ಅಧೀನವಾದ ಊರುಗಳಲ್ಲಿ ಇವೂ ಸೇರಿರುವುವು. ಬೆಂಗಳೂರಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ರೈಲುಹಾದಿಯು ತೆರೆಯಿತು. ಆ ಹಾದಿಯಲ್ಲಿ ಬೆಳೆದ ಪೇಟೆಗೆ ೧೮೬೨ರಿಂದ ೧೮೭೦ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರಿಟ್ಟು ಬೌರಿಂಗ್‌ಪೇಟೆಯೆಂದು ಕರೆದರು. ಜನರ ನಾಲಗೆಯಲ್ಲಿ ಅದು ಬಂಗಾರಪೇಟೆಯಾಯಿತು. ೧೮೮೦ರ ತರುವಾಯ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಗಣಿಗಳು ಆಳವಾಗಿ ಇಳಿದುವು. ೧೯೦೨ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಮಿಕ್ಕ ದೂರ ವಿದ್ಯುಚ್ಛಕ್ತಿಯು ತಂತಿಯ ಮೇಲೆ ಹರಿದು ಗಣಿಗೆ ಬಂದಿತು. ಅಂದಿನಿಂದ ಅಲ್ಲಿ ಹಗಲಿರುಳೆಂಬ ಭೇದವು ಅಳಿದು, ಪಾಳಿಯೆಂಬ ಹೊಸ ಭೇದವು ಹುಟ್ಟಿತು. ತಂದೆಯು ರಾತ್ರಿಯ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಮಗನು ಪುಸ್ತಕ ಹಿಡಿಯಬೇಕು. ಮನೆಯೋ ಸಾಲುಗುಡಿಸಲಿನ ಒಂದೇ ಕೋಣೆ. ಇಂತಹ ನೆಲೆಯಲ್ಲಿ ಕಾಲನಿಯಮವೆಂಬುದು ಎಷ್ಟು ಉಪಕಾರಿಯೋ ಅಷ್ಟೇ ಕಠಿನವೂ ಆಗಿರುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವು ಇರಲಿಲ್ಲ. ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೇ ನಮ್ಮ ಹುಡುಗರು ಕೂಡುತ್ತಿದ್ದರು. ಮೈಸೂರು ವಿಶ್ವವಿದ್ಯಾನಿಲಯವು ಉದಯಿಸಿದುದು ೧೯೧೬ರಲ್ಲಿ. ಆ ಹಳೆಯ ಪರೀಕ್ಷಾಪದ್ಧತಿಯ ಮುಖ್ಯ ಲಕ್ಷಣವು ಇದು: ವರ್ಷವಿಡೀ ಶಾಲೆಯಲ್ಲಿ ಹುಡುಗನು ಏನು ಮಾಡಿದನೆಂಬುದು ಲೆಕ್ಕಕ್ಕೆ ಬಾರದು, ಗೊತ್ತಾದ ಕೆಲವು ದಿನಗಳಲ್ಲಿ ಬರೆದುದೇ ಸರ್ವಸ್ವ. ಜ್ವರ ಬಂದವನೂ, ಬಂಡಿ ಮುರಿದು ನಿಂತವನೂ, ಓದದೆ ಉಂಡಾಡಿಯಾಗಿ ತಿರುಗಿದವನೂ ಒಂದೇ ಪಂಕ್ತಿಯಲ್ಲಿ ನಿಲ್ಲಬೇಕಾಗಿದ್ದಿತು. ಒಂದು ವಿಷಯದಲ್ಲಿ ಎಡವಿದರೆ ಉಳಿದ ವಿಷಯಗಳ ಪಾಂಡಿತ್ಯವೂ ಕೈಹಿಡಿಯುತ್ತಿರಲಿಲ್ಲ.

ಈ ಕಾಠಿಣ್ಯಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವು ಶ್ರೀನಿವಾಸ ರಾಮಾನುಜನ್ ಅವರದು. ಅದೇ ಮದರಾಸು ವಿಶ್ವವಿದ್ಯಾನಿಲಯದ ಎಫ್.ಎ. ಪರೀಕ್ಷೆಯಲ್ಲಿ ಗಣಿತದಲ್ಲಿ ಅಸಾಧಾರಣರಾಗಿದ್ದ ಆ ಮಹನೀಯರು ಇತರ ವಿಷಯಗಳ ದೆಸೆಯಿಂದ ತೇರ್ಗಡೆ ಹೊಂದಲಿಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲಿಯೂ ಹತ್ತಿರದ ನಿದರ್ಶನವುಂಟು. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾರದೆ ಹೋದರು. ಅವರ ಶಾಲಾವಿದ್ಯಾಭ್ಯಾಸವು ಅಲ್ಲಿಗೇ ನಿಂತಿತು. ಮುಂದೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಅಂತಹ ಧೀಮಂತರು ಬಾಗಿಲು ಮುಚ್ಚಿದರೂ ಗೋಡೆಯನ್ನೇ ದಾಟಿ ಹೋದರು. ಆದರೆ ಗೋಡೆಯನ್ನು ದಾಟಲಾರದೆ ಬಾಗಿಲ ಬಳಿಯಿಂದಲೇ ಹಿಂದಿರುಗಿದ ಸಾಮಾನ್ಯ ಬಾಲಕರ ಹೆಸರುಗಳನ್ನು ಯಾವ ಗ್ರಂಥವೂ ಬರೆದಿಡಲಿಲ್ಲ. ಮಹಾಪುರುಷರ ಕಥೆಯನ್ನು ಹೇಳಿ, ಪರೀಕ್ಷೆಯಲ್ಲಿ ಬಿದ್ದರೂ ಬಾಧಕವಿಲ್ಲವೆಂದು ಸಮಾಧಾನಗೊಳ್ಳುವುದು ಈ ಕಾರಣದಿಂದ ನ್ಯಾಯವಲ್ಲ.

೧೯೧೧ರಲ್ಲಿ ಮದರಾಸು ಪ್ರಾಂತದಲ್ಲಿ ಒಂದು ಮಹತ್ತಾದ ಸುಧಾರಣೆಯು ನಡೆಯಿತು. ಮೆಟ್ರಿಕ್ಯುಲೇಷನ್ನಿನ ಸ್ಥಾನದಲ್ಲಿ ಎಸ್.ಎಸ್.ಎಲ್.ಸಿ. ಎಂಬ ಪ್ರೌಢಶಾಲಾಂತ್ಯದ ಪ್ರಮಾಣಪತ್ರವು ಬಂದಿತು. ಮೈಸೂರು ಸಂಸ್ಥಾನವೂ ಅದೇ ದಶಕದಲ್ಲಿ ಆ ಕ್ರಮವನ್ನು ಅನುಸರಿಸಿತು. ಈ ಪತ್ರದಲ್ಲಿ ಸಾರ್ವಜನಿಕ ಪರೀಕ್ಷೆಯ ಅಂಕಗಳೊಡನೆ ವಿದ್ಯಾರ್ಥಿಯು ಶಾಲೆಯಲ್ಲಿ ಗಳಿಸಿದ ಅಂಕಗಳನ್ನೂ ಬರೆಯುವ ಏರ್ಪಾಡು ಇದ್ದಿತು. ಒಂದು ದಿನದ ತೀರ್ಪಿನ ಪಕ್ಕದಲ್ಲಿ ಇಡೀ ವ್ಯಾಸಂಗದ ಸಾಕ್ಷ್ಯವನ್ನು ನಿಲ್ಲಿಸಿದುದೇ ಇದರ ಹಿರಿಮೆ. ಇಂದಿನ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ ೮೦ ಅಂಕಗಳು ಲಿಖಿತ ಪರೀಕ್ಷೆಗೂ ೨೦ ಅಂಕಗಳು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೂ, ಪ್ರಥಮ ಭಾಷೆಗೆ ಮಾತ್ರ ೧೦೦ ಮತ್ತು ೨೫ ಎಂದೂ ವಿಭಾಗವಾಗಿರುವುದಷ್ಟೆ. ಅದು ಹೊಸ ಕಲ್ಪನೆಯೆಂದು ಅನೇಕರು ಭಾವಿಸುವರು. ಅದರ ಬೇರು ನೂರು ವರ್ಷಕ್ಕೂ ಹಿಂದಿನದು.

ಕಾಲಾತಿಕ್ರಮಕ್ಕೆ ಮೊದಲ ಕಾರಣವು ದೂರ. ಪ್ರೌಢಶಾಲೆಗಳೂ ಪರೀಕ್ಷಾಕೇಂದ್ರಗಳೂ ವಿರಳವಾಗಿದ್ದ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ತಲೆಯಿಡಲು ನೆಲೆ ದೊರೆಯುವುದೇ ಕಷ್ಟವಾಗಿದ್ದಿತು. ಇದನ್ನು ಕಂಡ ದಾನಿಗಳೂ ಮಠಗಳೂ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿ, ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನು ಏರ್ಪಡಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಹಸ್ರ ಸಹಸ್ರ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದುದು ಲೋಕವಿದಿತ. ಪ್ರಸಾದನಿಲಯವನ್ನು ನಾವು ಅನ್ನದಾನವೆಂದು ಮಾತ್ರ ಎಣಿಸುವೆವು. ವಾಸ್ತವವಾಗಿ ಅದು ಕಾಲದಾನವೂ ಅಹುದು. ಶಾಲೆಯ ಬಳಿ ಮಲಗಿ ಏಳುವ ಬಾಲಕನಿಗೆ ದಾರಿಯಲ್ಲಿ ಕಳೆಯಬೇಕಾದ ಹೊತ್ತು ಓದಿಗೆ ದೊರೆಯುವುದು.

ಏಕೀಕರಣದ ತರುವಾಯ, ೧೯೬೬ರಲ್ಲಿ, ಪ್ರೌಢ ಶಿಕ್ಷಣ ಪರೀಕ್ಷಾ ಮಂಡಲಿಯು ಸ್ಥಾಪಿತವಾಗಿ, ನಾಡಿಗೆಲ್ಲ ಒಂದೇ ವೇಳಾಪಟ್ಟಿಯು ಸ್ಥಿರಪಟ್ಟಿತು. ಮಾರ್ಚಿ ಏಪ್ರಿಲ್ ತಿಂಗಳಲ್ಲಿ ಮುಖ್ಯ ಪರೀಕ್ಷೆ; ಅದರಲ್ಲಿ ಬಿದ್ದವರಿಗೂ ಬಾರದವರಿಗೂ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮರಳಿ ಪರೀಕ್ಷೆ. ಆದರೆ ಅಷ್ಟರಲ್ಲಿ ಕಾಲೇಜಿನ ಪ್ರವೇಶವು ಮುಗಿದಿರುತ್ತಿದ್ದುದರಿಂದ ಆ ಎರಡನೆಯ ಬಾಗಿಲಿನಲ್ಲಿ ಹೊಕ್ಕವನೂ ಒಂದು ವರ್ಷವನ್ನು ಕಳೆದುಕೊಳ್ಳುತ್ತಿದ್ದನು. ತರುವಾಯ ಅದು ಜೂನ್ ತಿಂಗಳಿಗೆ ಸರಿಯಿತು. ದಿನವನ್ನು ಮೂರು ತಿಂಗಳು ಹಿಂದಕ್ಕೆ ತಂದ ಈ ಸಣ್ಣ ಮಾರ್ಪಾಟು ಎಷ್ಟೋ ಬಡವರ ಮಕ್ಕಳ ವರ್ಷವನ್ನು ಉಳಿಸಿತು. ಬಡ ಕುಟುಂಬದಲ್ಲಿ ಖಾಲಿಯಾಗಿ ಕುಳಿತ ವರ್ಷವು ಖಾಲಿಯಾಗಿ ಉಳಿಯದು. ಕೂಲಿಯೋ ವಿವಾಹವೋ ಅದನ್ನು ತುಂಬುವುದು. ಮರಳಿ ಶಾಲೆಯ ಮೆಟ್ಟಿಲು ಹತ್ತುವವರು ಕೆಲವರೇ.

ಗಣಿಯ ಸೀಮೆಯಲ್ಲಿ ಈ ಮಾತಿನ ತೂಕವು ಇನ್ನೂ ಹೆಚ್ಚು. ನೂರಿಪ್ಪತ್ತು ವರ್ಷಗಳ ಬಾಳಿನ ತರುವಾಯ ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಯು ಮುಚ್ಚಿತು. ಹತ್ತನೆಯ ತರಗತಿಯ ಮಕ್ಕಳಿಗೆ ಅದು ಪರೀಕ್ಷೆಯ ಹೊಸ್ತಿಲು. ಅಂದಿನಿಂದ ಆ ಊರಿನ ಸಾವಿರಾರು ಜನರು ನಸುಕಿನಲ್ಲಿಯೇ ಮಾರಿಕುಪ್ಪದ ಕಡೆಯಿಂದ ಹೊರಡುವ ರೈಲನ್ನು ಹಿಡಿದು, ಬಂಗಾರಪೇಟೆಯನ್ನು ಹಾದು ಬೆಂಗಳೂರಿಗೆ ದುಡಿಯಲು ಹೋಗಿ ಇರುಳಿನಲ್ಲಿ ಹಿಂದಿರುಗುವರು. ಮುಂಚೆ ಪಾಳಿಯು ಆಳುತ್ತಿದ್ದ ಮನೆಗಳನ್ನು ಈಗ ರೈಲಿನ ವೇಳೆಯು ಆಳುತ್ತಿರುವುದು. ಮಗನು ಶಾಲೆಗೆ ಹೋದನೋ, ಕೊಟ್ಟ ಕೆಲಸವನ್ನು ಬರೆದೊಪ್ಪಿಸಿದನೋ ಎಂದು ವಿಚಾರಿಸುವ ಹೊತ್ತೇ ತಂದೆತಾಯಿಗಳಿಗೆ ದೊರೆಯದು.

ಕಾಲನಿಯಮಕ್ಕೆ ಬಂದ ಮಹಾಪರೀಕ್ಷೆಯು ೨೦೨೦ನೆಯ ಇಸವಿಯದು. ಮಾರ್ಚಿ ೨೭ರಂದು ಆರಂಭವಾಗಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಕೋವಿಡ್ ಮಹಾಮಾರಿಯ ದೆಸೆಯಿಂದ ನಿಂತು, ಜೂನ್ ೨೫ರಂದು ಪ್ರಾರಂಭವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮುಖವಸ್ತ್ರ ಧರಿಸಿ ದೂರ ದೂರ ಕುಳಿತು ಬರೆದರು. ನಮ್ಮ ಸೀಮೆಯ ಗಡಿಯಾಚೆಗಿರುವ ತಮಿಳುನಾಡೂ ಆಂಧ್ರವೂ ಅದೇ ಜೂನಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದುಪಡಿಸಿ ಎಲ್ಲರನ್ನೂ ತೇರ್ಗಡೆ ಮಾಡಿದುವು. ಬಂಗಾರಪೇಟೆಯಿಂದ ರೈಲಿನಲ್ಲಿ ಕುಪ್ಪಕ್ಕೆ ಹೋಗುವಷ್ಟು ದೂರದಲ್ಲಿ, ಒಂದೇ ಭಾಷೆಯಾಡುವ ಬಂಧುಗಳ ಮಕ್ಕಳಲ್ಲಿ ಒಬ್ಬನು ಬರೆಯದೆಯೇ ಗೆದ್ದನು, ಇನ್ನೊಬ್ಬನು ಭಯದ ನಡುವೆ ಬರೆದನು. ಯಾವುದು ಮೇಲೆಂಬ ವಾದವು ಇನ್ನೂ ಮುಗಿದಿಲ್ಲ. ಆದರೆ ನಮ್ಮ ಸರಕಾರವು ಆಗ ಮಾಡಿದ ಒಂದು ನಿಯಮವು ಸ್ಮರಣೀಯವಾದುದು: ಅನಾರೋಗ್ಯದಿಂದಲೋ ನಿರ್ಬಂಧಿತ ವಲಯದಲ್ಲಿ ಸಿಲುಕಿದುದರಿಂದಲೋ ಬಾರದೆ ಹೋದವರು ಪೂರಕ ಪರೀಕ್ಷೆಯಲ್ಲಿ ಹೊಸ ಅಭ್ಯರ್ಥಿಗಳೆಂದೇ ಎಣಿಸಲ್ಪಡುವರು, ಅದು ಅವರ ಮೊದಲನೆಯ ಪ್ರಯತ್ನವೇ ಹೊರತು ಎರಡನೆಯದಲ್ಲ. ದಿನ ತಪ್ಪಿದುದು ಬೇರೆ, ಪರೀಕ್ಷೆಯಲ್ಲಿ ಸೋತುದು ಬೇರೆ ಎಂಬುದನ್ನು ಆ ನಿಯಮವು ಸ್ಪಷ್ಟವಾಗಿ ಒಪ್ಪಿತು.

ಮರುವರ್ಷವು ಮತ್ತೊಂದು ಪಾಠವನ್ನು ಕಲಿಸಿತು. ೨೦೨೧ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜುಲೈ ೧೯ ಮತ್ತು ೨೨ರ ಎರಡೇ ದಿನಗಳಿಗೆ ಇಳಿಯಿತು. ದ್ವಿತೀಯ ಪಿ.ಯು.ಸಿ. ಪರೀಕ್ಷೆಯು ನಡೆಯಲೇ ಇಲ್ಲ, ಎಸ್.ಎಸ್.ಎಲ್.ಸಿ. ಅಂಕಗಳಿಂದ ಶೇಕಡ ೪೫, ಪ್ರಥಮ ಪಿ.ಯು.ಸಿ.ಯಿಂದ ಶೇಕಡ ೪೫, ಎರಡನೆಯ ವರ್ಷದ ಕಾಲೇಜಿನ ಕೆಲಸದಿಂದ ಶೇಕಡ ೧೦ ಎಂದು ಕೂಡಿ ಫಲಿತಾಂಶವನ್ನು ಕೊಟ್ಟರು. ಪ್ರಥಮ ವರ್ಷದ ಪರೀಕ್ಷೆಯು ಮುಖ್ಯವಲ್ಲವೆಂದು ಅಲಕ್ಷಿಸಿದವರು ಆಗ ಪರಿತಪಿಸಿದರು. ಮಹಾದಿನವು ಬಾರದೆಯೇ ಹೋದಾಗ ಮಾತನಾಡಿದುದು ಹಿಂದಿನ ಸಣ್ಣ ಸಣ್ಣ ದಿನಗಳ ಕೆಲಸವೇ.

೨೦೨೪ರಲ್ಲಿ ಪೂರಕ ಪರೀಕ್ಷೆಯೆಂಬ ಹೆಸರೇ ಹೋಗಿ, ಒಂದು ವರ್ಷದಲ್ಲಿ ಪರೀಕ್ಷೆ ೧, ೨, ೩ ಎಂಬ ಮೂರು ಅವಕಾಶಗಳು ಬಂದುವು. ಮೊದಲನೆಯದು ಮಾರ್ಚಿ ೨೫ರಿಂದ ಏಪ್ರಿಲ್ ೬ರ ವರೆಗೆ, ಉಳಿದ ಎರಡು ಜೂನ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆದುವು. ಮೂರರಲ್ಲಿ ಅತ್ಯುತ್ತಮವಾದ ಅಂಕವೇ ಆಗ ವಿದ್ಯಾರ್ಥಿಗೆ ಉಳಿಯುತ್ತಿದ್ದಿತು. ಆ ವರ್ಷ ಕ್ಯಾಮೆರಾಗಳ ಕಣ್ಗಾವಲಿನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ, ಕೃಪಾಂಕಗಳನ್ನು ಸೇರಿಸಿಯೂ, ಶೇಕಡ ೭೩.೪೦ರಷ್ಟು ಮಂದಿ ಮಾತ್ರ ತೇರ್ಗಡೆಯಾದರು. ಹಿಂದಿನ ವರ್ಷ ಅದು ಶೇಕಡ ೮೩.೮೯ ಇದ್ದಿತು. ಎರಡನೆಯ ಮೂರನೆಯ ಬಾಗಿಲುಗಳು ಎಷ್ಟು ಜನರಿಗೆ ಅವಶ್ಯವಾದುವೆಂಬುದು ಇದರಿಂದ ತಿಳಿಯುವುದು. ಇದರಿಂದ ಅಧ್ಯಾಪಕರ ಬೇಸಿಗೆಯ ವಿರಾಮವು ಕುಗ್ಗಿತೆಂಬ ದೂರೂ, ಮುಂದೆ ಅವಕಾಶವಿದೆಯೆಂದು ಮಕ್ಕಳು ಸಡಿಲಾಗುವರೆಂಬ ಶಂಕೆಯೂ ಇಲ್ಲದಿಲ್ಲ. ಆ ಶಂಕೆಯನ್ನು ತಳ್ಳಿಹಾಕುವಂತಿಲ್ಲ.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ನಮ್ಮ ಕನ್ನಡದಲ್ಲಿ ತಪ್ಪಿಹೋದವನು ಎಂಬುದೂ ತಪ್ಪಿಸಿಕೊಂಡವನು ಎಂಬುದೂ ಬೇರೆ ಬೇರೆ ಮಾತುಗಳು. ಹಳೆಯ ಮೆಟ್ರಿಕ್ಯುಲೇಷನ್ ಇಬ್ಬರನ್ನೂ ಒಂದೇ ಎಂದು ಕಂಡು ತಪ್ಪಿಹೋದವನಿಗೆ ಅನ್ಯಾಯ ಮಾಡಿತು. ಇಬ್ಬರನ್ನೂ ಸಮಾನವಾಗಿ ಮನ್ನಿಸುವ ಅತಿಕರುಣೆಯು ಹೊತ್ತಿಗೆ ಸರಿಯಾಗಿ ದುಡಿದ ಮೂರನೆಯವನಿಗೆ ಅನ್ಯಾಯ ಮಾಡುವುದು. ಆದುದರಿಂದ ದಿನವನ್ನು ಬಹಳ ಮುಂಚಿತವಾಗಿ ಸಾರಬೇಕು. ತಡವಾದುದಕ್ಕೆ ಕಾರಣವನ್ನು ಕೇಳಬೇಕು. ಅಶಕ್ತನಿಗೆ ಎರಡನೆಯ ದಿನವನ್ನು ಶೀಘ್ರವಾಗಿ, ಕಳಂಕವಿಲ್ಲದೆ ಕೊಡಬೇಕು. ಅಲಕ್ಷ್ಯದಿಂದ ತಡಮಾಡಿದವನಿಗೂ ಬಾಗಿಲು ಮುಚ್ಚಬಾರದು, ಆದರೆ ತಡಕ್ಕೆ ಏನಾದರೊಂದು ಬೆಲೆಯಿರಬೇಕು. ಪರೀಕ್ಷೆಗೆ ಕೂಡಲು ಶೇಕಡ ೭೫ರಷ್ಟು ಹಾಜರಿಯು ಬೇಕೆಂಬ ನಿಯಮವೂ ಈ ಕೊನೆಯ ತತ್ತ್ವದ ಮೇಲೆಯೇ ನಿಂತಿರುವುದು.

ಸದ್ಭಕ್ತರು ಈ ವಿಷಯದಲ್ಲಿ ಮಾಡತಕ್ಕ ಸೇವೆಯು ಬಹಳವಿದೆ. ಪರೀಕ್ಷೆಯ ತಿಂಗಳಿನಲ್ಲಿ ನೆರೆಯ ಬಡಹುಡುಗನಿಗೆ ಓದಲು ಒಂದು ಮೂಲೆ, ಒಂದು ದೀಪ. ನಸುಕಿನ ರೈಲಿಗೆ ಹೋದವರ ಮನೆಯ ಮಕ್ಕಳನ್ನು ಹೊತ್ತಿಗೆ ಎಬ್ಬಿಸುವ ಒಂದು ದನಿ. ಜ್ವರದಿಂದ ಮೊದಲ ಪರೀಕ್ಷೆ ತಪ್ಪಿದವಳಿಗೆ ಎರಡನೆಯ ಪರೀಕ್ಷೆಯ ಅರ್ಜಿಯನ್ನು ತುಂಬಿಸಿಕೊಡುವ ಒಂದು ಕೈ. ಇವುಗಳಿಗೆ ಹಣವು ಹೆಚ್ಚು ಬೇಡ, ಗಮನವು ಬೇಕು. ಗಣಿಯಲ್ಲಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು ಚಿನ್ನವನ್ನು ಅರಸಿದವರ ಮೊಮ್ಮಕ್ಕಳು ಒಂದು ದಿನ ತಪ್ಪಿತೆಂಬ ಕಾರಣಕ್ಕೆ ವಿದ್ಯೆಯಿಂದ ದೂರವಾಗದಿರಲೆಂದು ಪ್ರಾರ್ಥಿಸಿ, ಈ ಅಲ್ಪ ಲೇಖನವನ್ನು ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ವಿನಯಪೂರ್ವಕವಾಗಿ ಸಮರ್ಪಿಸುವೆನು.