ಸಿಂಗಸಂದ್ರದ ಕೆರೆಯೂ ಊರ ಸಭೆಯೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬೊಮ್ಮನಹಳ್ಳಿಯನ್ನು ದಾಟಿ ಕೂಡ್ಲು ಗೇಟಿನಿಂದ ಮುಂದಕ್ಕೆ ಸಾಗಿದರೆ ಸಿಂಗಸಂದ್ರವೆಂಬ ಊರು ದೊರೆಯುತ್ತದೆ. ಬೇಗೂರು ಹೋಬಳಿಗೆ ಸೇರಿದ ಈ ಊರಿನ ಹೆಸರಿನ ಉತ್ತರಾರ್ಧವು ಸಂಸ್ಕೃತದ ‘ಸಮುದ್ರ’ ಶಬ್ದವೇ ಹೊರತು ಬೇರೆಯಲ್ಲ. ಜನರ ಬಾಯಲ್ಲಿ ಸವೆದು ಅದು ‘ಸಂದ್ರ’ವಾಯಿತು. ಹೊಂಗಸಂದ್ರ, ಚೂಡಸಂದ್ರ, ಬೊಮ್ಮಸಂದ್ರ, ದೊಮ್ಮಸಂದ್ರಗಳೂ ಅದೇ ವರ್ಗಕ್ಕೆ ಸೇರಿದುವು. ಕಡಲನ್ನು ಕಂಡರಿಯದ ಸೀಮೆಯ ಒಕ್ಕಲಿಗನು ತಾನು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದನು. ಇದು ಅತಿಶಯೋಕ್ತಿಯೆಂದು ಆಲಂಕಾರಿಕರು ಹೇಳಬಹುದು. ಆದರೆ ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡಿನಲ್ಲಿ ಬದುಕಿದವನಿಗೆ ಅದು ಸ್ವಭಾವೋಕ್ತಿಯೇ ಸರಿ.

ಕೆರೆಯು ಒಬ್ಬನಿಂದ ಆಗತಕ್ಕ ಕೆಲಸವಲ್ಲ. ಮಳೆಗಾಲಕ್ಕೆ ಮುಂಚೆ ಏರಿಯನ್ನು ಬಲಪಡಿಸಬೇಕು, ಹೂಳನ್ನು ಎತ್ತಬೇಕು, ತೂಬನ್ನು ತೆಗೆಯುವ ಹೊತ್ತನ್ನು ಗೊತ್ತುಮಾಡಬೇಕು, ಮೇಲಣ ಗದ್ದೆಯವನಿಗೂ ಕೆಳಗಣ ಗದ್ದೆಯವನಿಗೂ ನೀರಿನ ಸರದಿಯನ್ನು ಹಂಚಬೇಕು. ಇವುಗಳಲ್ಲಿ ಒಂದಾದರೂ ಜಗಳವಿಲ್ಲದೆ ನಡೆಯುವುದಿಲ್ಲವಾದುದರಿಂದ ಕೆರೆಯಿದ್ದ ಊರಿಗೆ ಸಭೆಯೂ ಬೇಕಾಯಿತು. ನೀರಗಂಟಿ, ತೋಟಿ, ತಳವಾರ, ಶಾನುಭೋಗ, ಪಟೇಲ ಇವರೆಲ್ಲರ ಎದುರಿನಲ್ಲಿ ಅರಳಿಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತಿನ ಬಹುಭಾಗವು ನೀರಿನ ಮಾತೇ. ಆ ಕಟ್ಟೆಯ ಮೇಲೆ ಎಲ್ಲರೂ ಸಮನಾಗಿ ಕುಳಿತರೆಂದು ಮಾತ್ರ ಯಾರೂ ಭಾವಿಸಬಾರದು. ದೂರ ನಿಂತು ಕೇಳಿಕೊಂಡು ಹೋದವರೂ, ಹೆಂಗಸರಾದ ಕಾರಣ ಕರೆಯಿಸಿಕೊಳ್ಳದವರೂ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದರು.

ನೆರೆಯ ಬೇಗೂರಿನ ನಾಗೇಶ್ವರ ದೇವಾಲಯದ, ಸುಮಾರು ಕ್ರಿ. ಶ. 890ರ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸುವುದು ಪ್ರಸಿದ್ಧವಷ್ಟೆ. ಬೇಗೂರಿನದೇ ಇನ್ನೊಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಯುದ್ಧದಲ್ಲಿ ನಾಗತ್ತರನು ಮಡಿದ ಮೇಲೆ ಗಂಗರ ಎರೆಯಪ್ಪನು ಇರುಗನಿಗೆ ಆ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂಬುದು ಅದರ ಒಕ್ಕಣೆ. ಕಲ್ಲು ಹೇಳುವುದು ಕೊಟ್ಟವನ ಮತ್ತು ಪಡೆದವನ ಮಾತನ್ನು. ಇದಾದ ಕೆಲವೇ ವರ್ಷಗಳ ತರುವಾಯ, ತೊಂಡೆನಾಡಿನ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ ಶಾಸನಗಳು ಬೇರೆಯ ಬಗೆಯ ಸಂಗತಿಯನ್ನು ತಿಳಿಸುತ್ತವೆ. ಅಲ್ಲಿ ಊರನ್ನು 30 ಭಾಗಗಳಾಗಿ ಮಾಡಿ, ಓಲೆಗಳನ್ನು ಕೊಡದಲ್ಲಿ ಹಾಕಿ ಚೀಟಿಯೆತ್ತಿ ಸದಸ್ಯರನ್ನು ಆರಿಸುತ್ತಿದ್ದರು. ಕೆರೆಗೆಂದೇ ಆರು ಮಂದಿಯ ವಾರಿಯವಿತ್ತು. ಲೆಕ್ಕವನ್ನು ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಮುಂದೆ ಆಯ್ಕೆಗೆ ಅನರ್ಹರು. ಅದು ಬ್ರಾಹ್ಮಣರ ಅಗ್ರಹಾರದ ಸಭೆಯೆಂಬುದನ್ನು ಮರೆಯಬಾರದು. ಆದರೂ ಲೆಕ್ಕದ ಈ ಕಟ್ಟಳೆಯನ್ನು ಈಚಿನ ಪೌರಸಭೆಗಳ ಕಾನೂನಿನ ಪಕ್ಕದಲ್ಲಿಟ್ಟು ನೋಡುವ ವಾಚಕರು ಸ್ವಲ್ಪ ಹೊತ್ತು ಸುಮ್ಮನಾಗುವುದುಂಟು.

ಮೈಸೂರು ಸಂಸ್ಥಾನದಲ್ಲಿ ಪ್ರಜೆಯ ಕಷ್ಟವನ್ನು ಸಭೆಯಲ್ಲಿ ಕೇಳುವ ಪದ್ಧತಿಯು ಮೇಲಿನಿಂದ ಮೊದಲಾಯಿತು. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ದಸರೆಯ ಸಮಯದಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ತಾಲ್ಲೂಕಿಗೆ ಒಬ್ಬಿಬ್ಬರಂತೆ ರೈತರು ಮೈಸೂರಿಗೆ ಹೋಗಿ, ದಿವಾನರ ವರದಿಯನ್ನು ಕೇಳಿ, ತಮ್ಮ ಸೀಮೆಯ ಕೊರತೆಗಳನ್ನು ಅರಿಕೆಮಾಡಬಹುದಾಗಿತ್ತು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಉತ್ತರವನ್ನು ಪಡೆಯುವ ಅವಕಾಶವಿತ್ತು. ಅಷ್ಟು ಮಾತ್ರದಿಂದಲೇ ಅದು ಜನರ ಗೌರವವನ್ನು ಗಳಿಸಿತು. ಆದರೆ ಸಿಂಗಸಂದ್ರದಂಥ ಊರಿನವನಿಗೆ ಮೈಸೂರು ಬಹಳ ದೂರ. 1911ರಲ್ಲಿ ಕೆರೆ ಪಂಚಾಯತಿಗಳ ವಿಷಯವಾಗಿಯೇ ಒಂದು ರೆಗ್ಯುಲೇಷನ್ನೂ, 1926ರಲ್ಲಿ ಗ್ರಾಮ ಪಂಚಾಯತಿಗಳ ರೆಗ್ಯುಲೇಷನ್ನೂ ಹೊರಟ ಮೇಲೆ ಸಭೆಯು ಊರಿನ ಸಮೀಪಕ್ಕೆ ಬಂದಿತು.

ಸ್ವಾತಂತ್ರ್ಯಾನಂತರ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1961ರ ಕಾನೂನಿನಿಂದ ರದ್ದಾದುವು. 1983ರ ಕಾನೂನಿನ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆಯಿತು. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನರು, ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದುದಕ್ಕಾಗಿ, ‘ನೀರ್ ಸಾಬ್’ ಎಂದು ಕರೆದರು. 1993ರ ಪಂಚಾಯತ್ ರಾಜ್ ಕಾನೂನಿನಲ್ಲಿ ಗ್ರಾಮಸಭೆಯು ಸ್ಪಷ್ಟವಾದ ರೂಪವನ್ನು ಪಡೆಯಿತು: ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ ಅದರ ಸದಸ್ಯರು, ವರ್ಷಕ್ಕೆ ಎರಡು ಸಾರಿಯಾದರೂ ಅದು ಕೂಡತಕ್ಕದ್ದು, ಲೆಕ್ಕವನ್ನು ಅದರ ಮುಂದೆ ಇಡತಕ್ಕದ್ದು. ಅರಳಿಕಟ್ಟೆಯಿಂದ ದೂರ ನಿಂತಿದ್ದವನ ಮೊಮ್ಮಗಳು ಎದ್ದು ನಿಂತು ಚರಂಡಿಯ ಹಣವೇನಾಯಿತೆಂದು ಕೇಳುವ ಹಕ್ಕನ್ನು ಪಡೆದುದು ಈ ನಾಡಿನ ಚರಿತ್ರೆಯಲ್ಲಿ ಚಿಕ್ಕ ಸಂಗತಿಯಲ್ಲ. ಗ್ರಾಮಸಭೆಗಳು ಎಷ್ಟೋ ಕಡೆ ಹೆಸರಿಗೆ ಮಾತ್ರ ನಡೆದುವೆಂಬ ಆಕ್ಷೇಪಣೆಯು ನಿಜವೇ. ಆದರೆ ನಡೆಯದಿದ್ದರೆ ಅದು ಕಾನೂನಿನ ಲೋಪವಾಗುತ್ತಿತ್ತು, ಯಾರೊಬ್ಬರ ಕೃಪೆಯ ಲೋಪವಾಗುತ್ತಿರಲಿಲ್ಲ.

ಅಷ್ಟರೊಳಗೆ ಪಟ್ಟಣವು ಹಳ್ಳಿಯನ್ನು ಹುಡುಕಿಕೊಂಡು ಬಂದಿತು. 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯು, ಆರ್. ಕೆ. ಬಾಳಿಗಾ ಅವರ ಮುಂದಾಳುತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ 332 ಎಕರೆಯ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ಅದಕ್ಕೂ ಬೆಂಗಳೂರಿಗೂ ನಡುವೆ ಸಿಕ್ಕಿದ ಊರುಗಳಲ್ಲಿ ರಾಗಿಯ ಹೊಲವು ನಿವೇಶನವಾಯಿತು, ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆಯು ಮೋರಿಯಾಯಿತು. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಅದರ 198 ವಾರ್ಡುಗಳಲ್ಲಿ ಸಿಂಗಸಂದ್ರವು 191ನೆಯದು.

ನಷ್ಟವಾದುದು ಇಲ್ಲಿಯೇ. ಹಳ್ಳಿಯು ಪಟ್ಟಣವಾದ ಕೂಡಲೆ ಪಂಚಾಯತ್ ರಾಜ್ ಕಾನೂನು ಅದನ್ನು ಬಿಟ್ಟು ಹೋಗುತ್ತದೆ, ಗ್ರಾಮಸಭೆಯೂ ಅದರ ಜೊತೆಯಲ್ಲಿಯೇ ಹೋಗುತ್ತದೆ. ಅದಕ್ಕೆ ಬದಲಾಗಿ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿತು. 1993ರಲ್ಲಿ ಜಾರಿಗೆ ಬಂದ ಈ ವಿಧಿಗೆ ಕರ್ನಾಟಕದಲ್ಲಿ ವಿವರವಾದ ನಿಯಮಗಳು ಬಂದುದು 2016ರಲ್ಲಿ. ಕಾರ್ಪೊರೇಟರನು ಅಧ್ಯಕ್ಷ, ಅವನೊಡನೆ ಹತ್ತು ಮಂದಿ ನಾಮಕರಣಗೊಂಡವರು. ಊರಿನ ಮತದಾರರೆಲ್ಲರೂ ಸದಸ್ಯರಾಗಿದ್ದ ಸ್ಥಾನದಲ್ಲಿ ಹತ್ತು ಮಂದಿ! ಏರಿಯಾ ಸಭೆಯೆಂಬುದೊಂದನ್ನೂ 2011ರ ತಿದ್ದುಪಡಿಯು ಹೆಸರಿಸಿತ್ತಾದರೂ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಉಚ್ಚ ನ್ಯಾಯಾಲಯವು ಒತ್ತಾಯಿಸಿದ ಮೇಲೆ ಸಮಿತಿಗಳು ರಚಿತವಾಗಿ, ತಿಂಗಳ ಮೊದಲನೆಯ ಶನಿವಾರ ಸಭೆ ಸೇರತಕ್ಕದ್ದೆಂದು ಪಾಲಿಕೆಯು ಗೊತ್ತುಮಾಡಿತು. ಇಂಥ ಸಭೆಗಳಿಗೆ ಹೊರವಲಯದ ನಿವಾಸಿಗಳು ತಂದುದು ಕುಡಿಯುವ ನೀರು, ಮೋರಿ, ಕಸ, ಗುಂಡಿಬಿದ್ದ ರಸ್ತೆ, ಒತ್ತುವರಿಯಾದ ಕೆರೆಯಂಗಳ ಇವುಗಳ ದೂರನ್ನೇ. ಹೊಸ ಬಡಾವಣೆಗೆ ಬಂದ ಎಂಜಿನಿಯರನೂ ಹಳೆಯ ಊರಿನ ಒಕ್ಕಲಿಗನೂ ಒಂದೇ ಮಾತನ್ನು ಆಡುತ್ತಿದ್ದ ಅಪರೂಪದ ಜಾಗ ಅದು.

ಅದೂ ಬಹುಕಾಲ ಉಳಿಯಲಿಲ್ಲ. 2015ರಲ್ಲಿ ಆರಿಸಿ ಬಂದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಯ ಆಳಿಕೆ ಬಂದಿತು. ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಕೆಲಕಾಲ ಸಭೆಗಳನ್ನು ನಡೆಸಿದರು. ಕೇಳಿದವನೂ ಉತ್ತರ ಹೇಳಬೇಕಾದವನೂ ಸರ್ಕಾರದ ಸೇವಕನೇ ಆದನು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಹೊರವಲಯವು ಟ್ಯಾಂಕರಿನ ದಾರಿಯನ್ನು ಕಾಯುತ್ತಿದ್ದಾಗ ಪಾಲಿಕೆಯಲ್ಲಿ ಒಬ್ಬ ಕಾರ್ಪೊರೇಟರನೂ ಇರಲಿಲ್ಲ. ಆ ವರ್ಷದ ಅಕ್ಟೋಬರ್ 16ರಂದು ದಿನಕ್ಕೆ 775 ದಶಲಕ್ಷ ಲೀಟರು ನೀರಿನ ಕಾವೇರಿ ಐದನೆಯ ಹಂತವನ್ನು, ಮುಖ್ಯವಾಗಿ 110 ಹಳ್ಳಿಗಳಿಗಾಗಿ, ಆರಂಭಿಸಿದರು. ಸಮುದ್ರವೆಂದು ಹೆಸರಿಟ್ಟುಕೊಂಡ ಊರುಗಳ ಸೀಮೆಗೆ ನೀರು ನೂರು ಕಿಲೋಮೀಟರುಗಳಷ್ಟು ದೂರದಿಂದ ಬರಬೇಕಾಯಿತು.

2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಕಾನೂನಿನ ಮೇರೆಗೆ ಒಂದು ಪಾಲಿಕೆ ಹೋಗಿ ಐದಾದುವು. ಸಿಂಗಸಂದ್ರವು ಬೆಂಗಳೂರು ದಕ್ಷಿಣ ನಗರಪಾಲಿಕೆಯ ಪಾಲಿಗೆ ಬಂದಿತು. ಆ ದಿನ ಐದರಲ್ಲಿ ಒಂದರಲ್ಲಿಯೂ ಚುನಾಯಿತನಾದ ಸದಸ್ಯನಿರಲಿಲ್ಲ. ಮೋರಿಯ ಮಾತನ್ನೋ ಕೆರೆಯ ಮಾತನ್ನೋ ಹೇಳಬೇಕಾದವನು ಅರ್ಜಿಯನ್ನು ಬರೆದುಕೊಂಡು ಕಮಿಷನರ ಕಚೇರಿಯ ಬಾಗಿಲಿಗೇ ಹೋಗಬೇಕಾಗಿತ್ತು.